ಏನೂ ಇಲ್ಲ ಡಾಕ್ಟ್ರೇ

ಪುಳಿಯೋಗರೆಯ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ಆಸ್ಪತ್ರೆಯಲ್ಲಿ ಆ ವಾಸನೆ ಬಂದರೆ ನನಗೆ ಮಾತ್ರ ಎದೆ ಡವಡವ ಎನ್ನುತ್ತದೆ. ಮೊನ್ನೆ ಹೆಂಡತಿಯ ಪಿತ್ತಕೋಶದ ಆಪರೇಷನ್ನಿಗೆಂದು ಬೆಳಿಗ್ಗೆಯೇ ಮನೆಯಿಂದ ಹೊರಟು ಜಯನಗರದ ಆಸ್ಪತ್ರೆಗೆ ಬಂದು ಕೂತಿದ್ದೆವು. ಪಕ್ಕದ ಮಂಚದವರ ಕಡೆಯವರು ಡಬ್ಬಿ ತೆರೆದರು. ಇಂಗು, ಹುಣಸೆ, ಹುರಿದ ಎಳ್ಳು. ಅಷ್ಟಕ್ಕೇ ನಾನು ಎಂಬತ್ತರ ದಶಕಕ್ಕೆ, ಇದೇ ಜಯನಗರದ ಒಂದು ಪುಟ್ಟ ನರ್ಸಿಂಗ್ ಹೋಮಿಗೆ ಹೋಗಿಬಿಟ್ಟೆ.

ಆಗ ನನಗೆ ಹರ್ನಿಯಾ. ಹರ್ನಿಯಾ ನನ್ನದಾದರೂ ಅದರ ಯಜಮಾನಿಕೆ ನಮ್ಮ ದೊಡ್ಡಪ್ಪನದು. ನಮ್ಮ ಮನೆಯಲ್ಲಿ ಡಾಕ್ಟರ ಮುಂದೆ ರೋಗಿ ಬಾಯಿ ಬಿಡುವ ಪದ್ಧತಿ ಇರಲಿಲ್ಲ. ಹಿರಿಯರಿರುವಾಗ ಕಿರಿಯರು ಮಾತಾಡಿದರೆ ಮರ್ಯಾದೆ ಏನಾಗಬೇಕು? "ಎಲ್ರೀ ನೋವು?" ಎಂದು ಸರ್ಜನ್ ನನ್ನನ್ನು ಕೇಳಿದರೆ, "ಬಲಗಡೆ ಸಾರ್, ಕೆಮ್ಮಿದ್ರೆ ಜಾಸ್ತಿ" ಎಂದು ದೊಡ್ಡಪ್ಪ ಹೇಳುತ್ತಿದ್ದರು. ಕೆಮ್ಮುವ ಕೆಲಸವೊಂದನ್ನು ನನಗೆ ಬಿಟ್ಟಿದ್ದರು. ಮುಂದೆ ಹೆಣ್ಣು ನೋಡಲು ಹೋದಾಗಲೂ ಹುಡುಗಿ ಒಪ್ಪಿಗೆ ಎಂದದ್ದು ಅವರೇ. ಅದು ಚೆನ್ನಾಗಿಯೇ ಫಲಿಸಿತು, ಆ ಮಾತು ಬೇರೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಯಂತ್ರ ನಿಲ್ಲಿಸದೆ ಯಾರಾದರೂ ಬೆಲ್ಟಿಗೆ ಕೈ ಹಾಕಿದರೆ ಶೆಡ್ಡು ನಡುಗುವಂತೆ ಬೈಯುತ್ತಿದ್ದರಂತೆ. ತಮ್ಮನ ಮಗ ಯಂತ್ರವಲ್ಲವಲ್ಲ, ಅಷ್ಟು ಎಚ್ಚರ ಬೇಕಿರಲಿಲ್ಲ.

ಸರ್ಜನ್ ಸಾಹೇಬರು ವಿಲಾಯತಿಯಲ್ಲಿ ಓದಿದವರು. ರಾಹುಕಾಲವನ್ನು ನಂಬುತ್ತಿರಲಿಲ್ಲ, ರಾಹುಕಾಲ ನಂಬುವ ರೋಗಿಗಳನ್ನು ನಂಬುತ್ತಿದ್ದರು. ಹೀಗಾಗಿ ಶುಕ್ರವಾರ ಹತ್ತೂವರೆಯೊಳಗೆ ಕತ್ತಿ ಇಡಲೇಬೇಕೆಂದು ಎಲ್ಲರಿಗೂ ಅವಸರ. ಅವರಿಗೆ ಎದುರಾಡುವುದಿರಲಿ, ಅವರೆದುರು ಸೀನುವ ನರ್ಸೂ ಅಲ್ಲಿರಲಿಲ್ಲ.

ರಾತ್ರಿಯಿಂದ ಬಾಯಿಗೆ ನೀರೂ ಹಾಕಬಾರದೆಂದು ಹೇಳಿದ್ದರು. ಬೆಳಿಗ್ಗೆ ಸೋದರತ್ತೆ ಗುಡಿಯಿಂದ ನೇರ ಬಂದರು. ಸೆರಗಿನಡಿ ಒಂದು ದೊನ್ನೆ ಪುಳಿಯೋಗರೆ.

"ಅತ್ತೆ, ಏನೂ ತಿನ್ನಬಾರ್ದಂತೆ."

"ತಿನ್ನು ಅಂತ ಯಾರೋ ಅಂದ್ರು? ಪ್ರಸಾದ ಇದು. ಕಣ್ಣಿಗೊತ್ಕೊಂಡು ಬಾಯಿಗೆ ಹಾಕ್ಕೋ."

ಬರಿಹೊಟ್ಟೆಯಲ್ಲಿ ನನ್ನನ್ನು ಪರೀಕ್ಷೆಗೂ ಕಳಿಸದ ಹೆಂಗಸು ಆಪರೇಷನ್ನಿಗೆ ಕಳಿಸುತ್ತಾರೆಯೇ? ದೊನ್ನೆ ಖಾಲಿಯಾಯಿತು. ರುಚಿಯಾಗಿತ್ತು, ಸುಳ್ಳು ಹೇಳಲಾರೆ.

ಥಿಯೇಟರಿನ ಬಾಗಿಲಲ್ಲಿ ಮತ್ತಿನ ಮದ್ದು ಕೊಡುವ ಡಾಕ್ಟರಮ್ಮ ನಿಂತಿದ್ದರು. ಸಣ್ಣ ಆಳು, ದಪ್ಪ ಕನ್ನಡಕ. "ಏನಾದ್ರೂ ತಿಂದಿದ್ದೀರಾ?" ಎಂದು ನನ್ನನ್ನು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ" ಎಂದರು ದೊಡ್ಡಪ್ಪ.

"ನಿಮ್ಮನ್ನ ಕೇಳ್ಲಿಲ್ಲ ಸಾರ್. ಹೊಟ್ಟೆ ಇವರದ್ದು." ಆಕೆ ನನ್ನ ಮುಖದ ಹತ್ತಿರ ಬಗ್ಗಿದರು. "ಇಂಗಿನ ವಾಸನೆ ಬರ್ತಿದೆಯಲ್ರೀ?"

"ಪ್ರಸಾದ" ಎಂದೆ. ಆ ನರ್ಸಿಂಗ್ ಹೋಮಿನಲ್ಲಿ ಡಾಕ್ಟರ ಮುಂದೆ ನಾನಾಡಿದ ಮೊದಲ ಮಾತು ಅದು.

ಸರ್ಜನ್ ಗಡಿಯಾರ ನೋಡಿದರು. "ಒಂದು ತುತ್ತು ಪ್ರಸಾದ ಏನ್ಮಾಡುತ್ತಮ್ಮಾ? ಶುರು ಮಾಡಿ."

"ಮತ್ತಿನ ಮದ್ದು ನಾನು ಕೊಡಲ್ಲ ಸಾರ್."

ದೊಡ್ಡಪ್ಪನಿಗೆ ಸಿಟ್ಟು ನೆತ್ತಿಗೇರಿತು. "ದೇವರ ಪ್ರಸಾದ ಯಾರನ್ನಾದ್ರೂ ಸಾಯಿಸುತ್ತೇನಮ್ಮಾ?"

"ದೇವರು ಕೊಟ್ಟಿದ್ದು ಹೊಟ್ಟೆಗೆ ಸಾರ್. ಮತ್ತಲ್ಲಿರುವಾಗ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದ್ರೆ ಉಸಿರು ಕಟ್ಟಿ ಹೋಗ್ಬಿಡ್ತಾರೆ."

ಅತ್ತೆ ಗೋಡೆಗೆ ಒರಗಿದರು. "ಹಾಗಾದ್ರೆ ನನ್ನ ಕೈಯಾರೆ..." ಎಂದರು. ಸಾಯುವ ಭಯಕ್ಕಿಂತ ಆ ಮುಖ ನೋಡಿಯೇ ನನಗೆ ಹೆಚ್ಚು ಸಂಕಟವಾಯಿತು.

ಡಾಕ್ಟರಮ್ಮ ಬೈಯಲಿಲ್ಲ. "ನಾಳೆ ಮಾಡೋಣ. ರಾತ್ರಿ ಊಟ ಆದ್ಮೇಲೆ ಇವರ ಬಾಯಿಗೆ ಏನೂ ಹೋಗ್ದಂಗೆ ನೀವೇ ನೋಡ್ಕೋಬೇಕಮ್ಮ" ಎಂದು ಅತ್ತೆಯ ಭುಜ ಮುಟ್ಟಿದರು.

ಆಹಾ, ಎಂಥ ಕಾವಲು ಅದು! ಮುಂಜಾನೆ ವಿಲ್ಸನ್ ಗಾರ್ಡನ್ನಿನ ನೆಂಟರು ತಂದ ಎಳನೀರು ಬಾಗಿಲಿಂದಲೇ ವಾಪಸಾಯಿತು. ದೊಡ್ಡಪ್ಪ ತಂದ ತೀರ್ಥವನ್ನು ಅತ್ತೆ ನನ್ನ ತಲೆಗೆ ಚಿಮುಕಿಸಿ, "ಬಾಯಿಗೆ ಬೇಡ, ಅದೇ ದೇವರು ತಲೆಗೂ ಇದ್ದಾನೆ" ಎಂದರು. ತಾವೂ ಒಂದು ತೊಟ್ಟು ಕಾಫಿ ಕುಡಿಯಲಿಲ್ಲ. ಬೆಣ್ಣೆ ಕಾಯಲು ಬೆಕ್ಕನ್ನೇ ಕೂರಿಸುವ ಬುದ್ಧಿ ಡಾಕ್ಟರಮ್ಮನಿಗೆ ಎಲ್ಲಿಂದ ಬಂತೋ, ನಾನು ಬದುಕಿದೆ. ಆಮೇಲೆ ಸರ್ಜನ್ ಸಾಹೇಬರು ಈ ಕಥೆ ಹೇಳುವಾಗಲೆಲ್ಲ ಇಂಗಿನ ವಾಸನೆ ಹಿಡಿದದ್ದು ತಾವೇ ಎನ್ನುತ್ತಿದ್ದರಂತೆ.

ಅತ್ತೆ, ದೊಡ್ಡಪ್ಪ ಈಗಿಲ್ಲ. ಪಕ್ಕದವರು ಡಬ್ಬಿ ಮುಚ್ಚುವ ಹೊತ್ತಿಗೆ ಒಬ್ಬ ಎಳೆ ಡಾಕ್ಟರು ಬಂದು ನನ್ನ ಹೆಂಡತಿಯನ್ನು ಕೇಳಿದ: "ಬೆಳಿಗ್ಗೆಯಿಂದ ಏನಾದ್ರೂ ತಗೊಂಡ್ರಾ ಅಮ್ಮ?"

"ಏನೂ..." ಎಂದು ನನ್ನ ಬಾಯಿ ತೆರೆದೇಬಿಟ್ಟಿತ್ತು. ಸ್ವರ ಥೇಟ್ ದೊಡ್ಡಪ್ಪನದೇ. ಥಟ್ಟನೆ ಮುಚ್ಚಿಕೊಂಡೆ.

ನಾನು ಸುಮ್ಮನಾದದ್ದು ಅವಳಿಗೆ ಆಶ್ಚರ್ಯವಾಗಿರಬೇಕು. ನನ್ನ ಮುಖ ನೋಡಿ, ಆಮೇಲೆ ಡಾಕ್ಟರ ಮುಖ ನೋಡಿ, ಮೆಲ್ಲಗೆ ಹೇಳಿದಳು: "ಒಂದರ್ಧ ಲೋಟ ಕಾಫಿ ಕುಡಿದೆ ಡಾಕ್ಟ್ರೇ. ಹಾಲು ಹಾಕಿದ್ದು. ಇವರು ವಾಕಿಂಗ್ ಹೋಗಿದ್ರು. ಭಯ ಆಗ್ತಿತ್ತು, ಅದಕ್ಕೇ."

"ಹೇಳಿದ್ದು ಒಳ್ಳೇದಾಯ್ತಮ್ಮ. ನಾಳೆ ಮಾಡೋಣ" ಎಂದು ಡಾಕ್ಟರು ಹೋದ.

ಕಾಫಿಯ ವಿಷಯವಿರಲಿ. ಅವಳಿಗೆ ಭಯವಾಗುತ್ತಿದೆಯೇ ಎಂದು ಬೆಳಿಗ್ಗೆಯಿಂದ ಎಲ್ಲರೂ ಕೇಳಿದ್ದರು, ಮಗಳು ಫೋನಿನಲ್ಲೂ ಕೇಳಿದ್ದಳು. "ಅವಳಿಗೇನು ಭಯ, ಏನೂ ಇಲ್ಲ" ಎಂದು ಎಲ್ಲರಿಗೂ ಉತ್ತರ ಕೊಟ್ಟವನು ನಾನೇ.