ಒಣಮೀನಿಗೆ ಹತ್ತು ಕ್ರೆಡಿಟ್

"ಮಾಮ, ಶುಕ್ರವಾರದೊಳಗೆ ನನಗೊಂದು ಸಬ್ಜೆಕ್ಟ್ ಸಿಗದಿದ್ರೆ ಈ ಸೆಮಿಸ್ಟರ್ ಹೋಯ್ತು."

ಕಳೆದ ಮಂಗಳವಾರ ಮಧ್ಯಾಹ್ನ ಒಂದೂವರೆಗೆ ಬಂದ ಫೋನ್ ಇದು. ನಾನು ಬೈಕಂಪಾಡಿಯ ಗೋದಾಮಿನಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆ. ಫೋನ್ ಮಾಡಿದವಳು ನನ್ನ ತಂಗಿಯ ಮಗಳು ದೀಕ್ಷಾ. ಮಾಡಿದ್ದು ನಾರ್ವೆಯಿಂದ. ಅಲ್ಲಿ ಆಗ ಬೆಳಿಗ್ಗೆ ಒಂಬತ್ತಂತೆ, ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲವಂತೆ. ಇಲ್ಲಿ ಫ್ಯಾನಿನ ಕೆಳಗೆ ಬೆವರುತ್ತಾ ಕೂತವನಿಗೆ ಅದೇ ಅರ್ಥವಾಗಲಿಲ್ಲ. ಸೆಮಿಸ್ಟರ್ ಹೇಗೆ ಹೋಗುತ್ತದೆ ಎನ್ನುವುದು ಆಮೇಲಿನ ಮಾತು.

ನೀವು ಕೇಳಬಹುದು, ನಾರ್ವೆಯ ಸಬ್ಜೆಕ್ಟಿಗೂ ಬೈಕಂಪಾಡಿಯ ಗೋದಾಮಿಗೂ ಎಂತ ಸಂಬಂಧ ಅಂತ. ಸಂಬಂಧ ಉಂಟು. ನಮ್ಮ ಕುಟುಂಬದಲ್ಲಿ ಹೆಣ್ಣುಮಕ್ಕಳ ದೊಡ್ಡ ವಿಷಯ ಯಾವುದೇ ಇರಲಿ, ಸೋದರಮಾವನ ಮಾತು ಬೇಕು. ಮದುವೆಗೂ ಬೇಕು, ಗಾಡಿ ತೆಗೆಯುವುದಕ್ಕೂ ಬೇಕು. ಈ ಪದವಿಗೆ ಪರೀಕ್ಷೆಯಿಲ್ಲ, ತಂಗಿಗಿಂತ ಮೊದಲು ಹುಟ್ಟಿದರೆ ಸಾಕು. (ಪರೀಕ್ಷೆ ಇದ್ದಿದ್ದರೆ ನಾನು ಪಾಸಾಗುತ್ತಿರಲಿಲ್ಲ. ಬಿಕಾಂ ಮುಗಿಸಲಿಕ್ಕೇ ಮೂರು ಸಲ ದಂಡಯಾತ್ರೆ ಮಾಡಿದವ ನಾನು.)

ದೀಕ್ಷಾ ಓದುತ್ತಿರುವುದು ಇಲ್ಲೇ ನಮ್ಮ ಮಂಗಳೂರಿನ ಒಂದು ಕಾಲೇಜಿನಲ್ಲಿ, ಫುಡ್ ಸೈನ್ಸ್. ಹುಡುಗಿ ಹುಷಾರು. ಸ್ಕಾಲರ್‌ಶಿಪ್ ಸಿಕ್ಕಿ ಒಂದು ಸೆಮಿಸ್ಟರ್ ಮಟ್ಟಿಗೆ ಅಲ್ಲಿಗೆ ಹೋಗಿದ್ದಾಳೆ. ಅಲ್ಲಿ ಮೂರು ಸಬ್ಜೆಕ್ಟ್ ಓದಬೇಕು, ಒಂದೊಂದಕ್ಕೆ ಹತ್ತು ಕ್ರೆಡಿಟ್. ಒಟ್ಟು ಮೂವತ್ತು ಆದರೆ ಇಲ್ಲಿಯ ಕಾಲೇಜು ಆ ಸೆಮಿಸ್ಟರನ್ನು ಒಪ್ಪಿಕೊಳ್ಳುತ್ತದೆ. ಇಪ್ಪತ್ತೇ ಆದರೆ? ಇಲ್ಲಿಗೆ ಬಂದು ಜೂನಿಯರ್‌ಗಳ ಜೊತೆ ಮತ್ತೆ ಕೂರಬೇಕು.

ಹೋಗುವ ಮೊದಲೇ ಮೂರನ್ನೂ ಆರಿಸಿ, ಸಹಿ ಹಾಕಿಸಿ, ಸೀಲ್ ಒತ್ತಿಸಿ ಆಗಿತ್ತು. ಅಲ್ಲಿ ಹೋಗಿ ನೋಡಿದರೆ ಫುಡ್ ಪ್ಯಾಕೇಜಿಂಗ್ ಎಂಬ ಸಬ್ಜೆಕ್ಟನ್ನು ಈ ವರ್ಷ ಅವರ ಭಾಷೆಯಲ್ಲಿ ಮಾತ್ರ ಪಾಠ ಮಾಡುತ್ತಾರಂತೆ. ಅದರ ಬದಲಿಗೆ ಬೇರೆ ಹುಡುಕಬೇಕು. ಅದಕ್ಕೆ ಇಲ್ಲಿಯ ಕಾಲೇಜು ಒಪ್ಪಬೇಕು. ಇಲ್ಲಿಯ ಕಾಲೇಜು ಒಪ್ಪಬೇಕಾದರೆ ಮನೆಯವರ ಸಹಿ ಬೇಕು. ಇಪ್ಪತ್ತು ವರ್ಷದ ಹುಡುಗಿ ಒಬ್ಬಳೇ ವಿಮಾನ ಹತ್ತಿ ಅರ್ಧ ಭೂಮಿ ದಾಟಬಹುದು, ಸಬ್ಜೆಕ್ಟ್ ಬದಲಿಸಬೇಕಾದರೆ ಮಾತ್ರ ಅಮ್ಮನ ಸಹಿ ಬೇಕು. ಅವಳ ಅಪ್ಪ ಬೋಟಿನಲ್ಲಿ ಆಳಸಮುದ್ರಕ್ಕೆ ಹೋದವರು ಇನ್ನೂ ವಾಪಸ್ ಬಂದಿರಲಿಲ್ಲ, ಅವರ ಫೋನ್ ರೇಂಜಿನಲ್ಲಿ ಇರಲಿಲ್ಲ.

ಹೊರಗಿನಿಂದ ಬಂದ ವಿದ್ಯಾರ್ಥಿಗಳಿಗೆ ಸಿಗುವ ಸಬ್ಜೆಕ್ಟುಗಳ ಪಟ್ಟಿಯನ್ನು ಅವಳು ಪಿಡಿಎಫ್ ಮಾಡಿ ಕಳಿಸಿದಳು. ನಾನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಕನ್ನಡಕ ಹಾಕಿ, ಕೆಂಪು ಪೆನ್ ಹಿಡಿದು ಕೂತೆ. ಗೋದಾಮಿನ ಸ್ಟಾಕ್ ಲಿಸ್ಟ್ ನೋಡಿ ಅಭ್ಯಾಸ ಉಂಟಲ್ಲ, ಇದೇನು ಮಹಾ ಎಂದುಕೊಂಡೆ.

ಮಹಾ ಇತ್ತು. ಒಂದು ಸಬ್ಜೆಕ್ಟ್ ಚೆನ್ನಾಗಿದೆ ಎಂದು ಟಿಕ್ ಹಾಕಿದರೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಇದಕ್ಕೆ ಮೊದಲು ಇನ್ನೊಂದು ಓದಿರಬೇಕು ಎಂದಿರುತ್ತದೆ. ಆ ಇನ್ನೊಂದನ್ನು ಹುಡುಕಿದರೆ ಅದು ಹೊರಗಿನವರಿಗೆ ಇಲ್ಲ. ಮತ್ತೊಂದು ಎಲ್ಲರಿಗೂ ಉಂಟು, ಆದರೆ ಅದರ ಕ್ಲಾಸೂ ಇವಳ ಮೈಕ್ರೋಬಯಾಲಜಿ ಕ್ಲಾಸೂ ಒಂದೇ ಹೊತ್ತಿಗೆ. ಒಂದರ ಪರೀಕ್ಷೆ ಬಾಯಿಮಾತಿನಲ್ಲಿ, ಒಂದಕ್ಕೆ ಪರೀಕ್ಷೆಯೇ ಇಲ್ಲ. ಪರೀಕ್ಷೆಯೇ ಇಲ್ಲದ್ದಕ್ಕೂ ಹತ್ತು ಕ್ರೆಡಿಟ್! ಇಂಥದ್ದು ನಮ್ಮ ಕಾಲದಲ್ಲಿ ಯಾಕೆ ಇರಲಿಲ್ಲ?

ಕಡೆಗೆ ಅವಳಿಗೆ ಹೊಂದುವಂಥದ್ದು ಉಳಿದದ್ದು ಎರಡೇ. ಒಂದು, ಧ್ರುವಪ್ರದೇಶದ ಮಂಜುಗಡ್ಡೆಯ ಬಗ್ಗೆ. ಇನ್ನೊಂದರ ಹೆಸರು ಉದ್ದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಕಡಲ ಬದಿಯ ಜನ ಮೀನನ್ನು ಹೇಗೆ ಆರಿಸುತ್ತಾರೆ, ಹೇಗೆ ಉಪ್ಪು ಹಾಕುತ್ತಾರೆ, ಹೇಗೆ ಒಣಗಿಸುತ್ತಾರೆ, ಹೆಂಗಸರು ಅದನ್ನು ಹೇಗೆ ಮಾರುತ್ತಾರೆ.

ಎರಡು ಸಲ ಓದಿದೆ. ನಾರ್ವೆಯಲ್ಲಿ ಒಣಮೀನಿನ ಪಾಠ!

ದೀಕ್ಷಾಳ ಅಮ್ಮ, ಅಂದರೆ ನನ್ನ ತಂಗಿ ಸುಮತಿ, ಕಂಕನಾಡಿ ಮಾರ್ಕೆಟಿನಲ್ಲಿ ಮೀನು ಮಾರುತ್ತಾಳೆ. ಮಳೆಗಾಲದಲ್ಲಿ ಬೋಟು ಬಂದ್ ಆದಾಗ ಒಣಮೀನು ಮಾರುತ್ತಾಳೆ. ನಮ್ಮ ಅಮ್ಮನೂ ಅದೇ ಮಾಡಿದವಳು.

ಮಂಜುಗಡ್ಡೆಗೆ ಕೆಂಪು ಟಿಕ್ ಹಾಕಿ ದೀಕ್ಷಾಳಿಗೆ ಫೋನ್ ಮಾಡಿದೆ. ಇದನ್ನು ತೆಗೆದುಕೋ, ಬಯೋಡೇಟಾದಲ್ಲಿ ಚಂದ ಕಾಣುತ್ತದೆ ಎಂದೆ. ಅವಳು ತನಗೆ ಬೇಕಾದದ್ದು ಇನ್ನೊಂದು ಎಂದಳು.

"ಇಲ್ಲಿ ಮೊದಲ ದಿನ ಎಲ್ಲರೂ ಪರಿಚಯ ಹೇಳ್ಕೊಂಡ್ರು ಮಾಮ. ನನ್ನ ಅಮ್ಮ ಮೀನು ಮಾರ್ತಾರೆ ಅಂತ ಹೇಳಿದೆ. ಯಾರೂ ನಗ್ಲಿಲ್ಲ. ಎಷ್ಟೆಲ್ಲ ಪ್ರಶ್ನೆ ಕೇಳಿದ್ರು. ನನಗೆ ಒಂದಕ್ಕೂ ಉತ್ತರ ಗೊತ್ತಿರ್ಲಿಲ್ಲ."

ಗೊತ್ತಿರುವುದಾದರೂ ಹೇಗೆ? ಸುಮತಿ ಅವಳನ್ನು ಮಾರ್ಕೆಟಿನ ಹತ್ತಿರ ಸುಳಿಯಲಿಕ್ಕೆ ಬಿಟ್ಟವಳಲ್ಲ. ಸಂಜೆ ಮನೆಗೆ ಬಂದಾಗ ಮಗಳು ಓಡಿ ಬಂದರೆ, ದೂರ ನಿಲ್ಲು, ಸ್ನಾನ ಮಾಡಿ ಬರ್ತೇನೆ ಎನ್ನುತ್ತಿದ್ದಳು. ಮನೆಯಲ್ಲಿ ಮೀನು ಕತ್ತರಿಸುವ ಹೊತ್ತಿಗೆ ಮಗಳಿಗೆ ಪುಸ್ತಕ ಹಿಡಿಸಿ ಒಳಗೆ ಕೂರಿಸುತ್ತಿದ್ದಳು. ಇಪ್ಪತ್ತು ವರ್ಷ ಒಂದು ದಿನವೂ ತಪ್ಪದೆ ನಡೆದ ವ್ಯವಸ್ಥೆ ಇದು.

ಇದರಲ್ಲಿ ನನ್ನ ಪಾಲೂ ಉಂಟು, ಹೇಳಿಬಿಡುತ್ತೇನೆ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಮನೆಯ ಎಲ್ಲ ಫಾರ್ಮ್ ತುಂಬುವವನು ನಾನೇ. ದೀಕ್ಷಾಳನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ತಾಯಿಯ ಉದ್ಯೋಗ ಎಂಬಲ್ಲಿ 'ಗೃಹಿಣಿ' ಎಂದು ಬರೆದೆ. ಸುಮತಿಯನ್ನು ಕೇಳಲಿಲ್ಲ. ಕಾನ್ವೆಂಟ್ ಶಾಲೆ, ಅಲ್ಲಿ ಮೀನಿನ ಮಾತು ಯಾಕೆ ಅಂತ ನನಗೇ ತೋಚಿತು. ಅವಳೂ ಓದದೆ ಸಹಿ ಹಾಕಿದಳು. ಅಲ್ಲಿಂದ ಕಾಲೇಜಿನವರೆಗೆ ಎಲ್ಲ ಫಾರ್ಮಿನಲ್ಲೂ ಅದೇ ಗೃಹಿಣಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಮೀನಿನ ಬೋಟು ಬಂದು ನಿಲ್ಲುವ ಧಕ್ಕೆಗೆ ಹೋಗಿ, ಹರಾಜಿನಲ್ಲಿ ಗಂಡಸರ ಸ್ವರದ ಮೇಲೆ ಸ್ವರ ಹಾಕಿ ಮೀನು ಎತ್ತುವ ಗೃಹಿಣಿ.

ಬುಧವಾರ ಅರ್ಧ ದಿನ ರಜೆ ಹಾಕಿ ಕಾಲೇಜಿಗೆ ಹೋದೆ. ಈ ವಿಷಯ ನೋಡಿಕೊಳ್ಳುವ ಸರ್ ಒಳ್ಳೆಯವರು, ಆದರೆ ನನಗಿಂತ ಹೆಚ್ಚು ಗೊಂದಲದಲ್ಲಿದ್ದರು. ಅಲ್ಲಿ ಓದುವ ಸಬ್ಜೆಕ್ಟಿಗೆ ಸಮನಾದದ್ದು ಇಲ್ಲಿಯ ಸಿಲೆಬಸ್‌ನಲ್ಲಿ ಇರಬೇಕು, ಒಣಮೀನಿಗೆ ಸಮನಾದದ್ದು ಎಂತ ತೋರಿಸುವುದು ಎಂದು ತಲೆ ಕೆರೆದುಕೊಂಡರು. ಕಿಟಕಿ ತೆರೆದೇ ಇತ್ತು. ಗಾಳಿ ಸ್ವಲ್ಪ ಪಡುವಣದಿಂದ ಬೀಸಿದರೆ ಧಕ್ಕೆಯ ವಾಸನೆ ಆ ರೂಮಿಗೆ ಬರುತ್ತದೆ.

"ಎಂತ ಮಾರಾಯ್ರೆ, ಇದನ್ನು ಕಲಿಲಿಕ್ಕೆ ನಾವು ಮಕ್ಕಳನ್ನು ಅಲ್ಲಿಗೆ ಕಳಿಸುವುದಾ?" ಎಂದು ಕೇಳಿದರು. ನನಗೂ ಅದೇ ಡೌಟು. ಆದರೆ ಇಲ್ಲಿ ಕಲಿಸುವವರು ಯಾರು ಸರ್ ಎಂದು ಕೇಳಿದೆ. ಅವರು ಸಿಲೆಬಸ್ ಪುಸ್ತಕದ ಹಾಳೆ ಮಗುಚಿದರು, ಮತ್ತೆ ಮಗುಚಿದರು. ಫುಡ್ ಪ್ರಿಸರ್ವೇಶನ್ ಎಂಬ ಒಂದು ಐಚ್ಛಿಕ ಪೇಪರ್ ಸಿಕ್ಕಿತು. ಅದಕ್ಕೆ ಸಮ ಎಂದು ಬರೆಯುತ್ತೇನೆ, ನೀವು ಅಮ್ಮನ ಸಹಿ ತನ್ನಿ ಎಂದರು. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಕರೆದು, ಸಬ್ಜೆಕ್ಟಿನ ವಿವರದ ಕೊನೆಯ ಪುಟ ನೋಡಿದ್ದೀರಲ್ಲ ಎಂದು ಕೇಳಿದರು.

ನೋಡಿರಲಿಲ್ಲ. ಬಸ್ಸಿನಲ್ಲಿ ಕೂತು ನೋಡಿದೆ.

ಈ ಸಬ್ಜೆಕ್ಟಿಗೆ ಪರೀಕ್ಷೆ ಇಲ್ಲ. ಅದರ ಬದಲು, ಕೊನೆಗೆ ಹದಿನೈದು ದಿನ, ಮೀನು ಒಣಗಿಸುವ ಅಥವಾ ಮಾರುವ ಒಬ್ಬರ ಜೊತೆ ಕೂತು ಕೆಲಸ ಮಾಡಿ, ಕಂಡದ್ದನ್ನು ಬರೆಯಬೇಕು. ಹೊರದೇಶದವರು ಅದನ್ನು ತಮ್ಮ ಊರಿನಲ್ಲೇ ಮಾಡಬಹುದು. ದೀಕ್ಷಾಳಿಗೆ ಮೆಸೇಜ್ ಹಾಕಿದೆ, ಇದು ನಿನಗೆ ಗೊತ್ತುಂಟಾ ಅಂತ. ಗೊತ್ತುಂಟು, ಜೂನ್‌ನಲ್ಲಿ ಬಂದು ಅಮ್ಮನ ಹತ್ತಿರವೇ ಕೂರುತ್ತೇನೆ, ಅಮ್ಮನಿಗೆ ನೀವೇ ಹೇಳಿ ಮಾಮ, ನನಗೆ ಧೈರ್ಯ ಇಲ್ಲ ಎಂದು ಉತ್ತರ ಬಂತು.

ನನಗೆ ಉಂಟಾ?

ಗುರುವಾರ ಮಧ್ಯಾಹ್ನ ಕಂಕನಾಡಿಗೆ ಹೋದೆ. ಗಿರಾಕಿಗಳು ಕಡಿಮೆಯಾಗುವ ಹೊತ್ತು. ಸುಮತಿ ಉಳಿದ ಬಂಗುಡೆಗೆ ಐಸ್ ಹಾಕುತ್ತಿದ್ದಳು. ನಾನು ಫಾರ್ಮ್ ಚಾಚಿದೆ. ಎಂದಿನಂತೆ ಸಹಿ ಹಾಕುತ್ತಾಳೆ ಎಂದುಕೊಂಡಿದ್ದೆ. ಅವತ್ತು ಅವಳಿಗೆ ಎಂತಾಯಿತೋ, ಯಾವ ಸಬ್ಜೆಕ್ಟ್ ಎಂದು ಕೇಳಿದಳು.

ಹೇಳಿದೆ. ಅವಳ ಮುಖ ಸಣ್ಣದಾಯಿತು. (ನಾವು ಮಾತಾಡಿದ್ದು ತುಳುವಿನಲ್ಲಿ. ಕನ್ನಡದಲ್ಲಿ ಬರೆದರೆ ಅವಳ ಸಿಟ್ಟು ಅರ್ಧ ಕಡಿಮೆಯಾಗುತ್ತದೆ, ನೀವೇ ಸೇರಿಸಿಕೊಳ್ಳಿ.)

"ಈ ವಾಸನೆ ಅವಳಿಗೆ ತಾಗ್ಬಾರ್ದು ಅಂತ ನಾನು ಇಷ್ಟು ವರ್ಷ ಕಷ್ಟಪಟ್ಟದ್ದು. ಈಗ ಅಲ್ಲಿ ಹೋಗಿ ಇದನ್ನೇ ಓದುವುದಾ?"

ದೀಕ್ಷಾ ಹೇಳಿದ್ದನ್ನು ನಾನು ಹಾಗೆಯೇ ಹೇಳಿದೆ. ಮೊದಲ ದಿನದ ಪರಿಚಯ, ಯಾರೂ ನಗದೇ ಇದ್ದದ್ದು, ಇವಳಿಗೆ ಒಂದಕ್ಕೂ ಉತ್ತರ ಗೊತ್ತಿಲ್ಲದ್ದು. ಸುಮತಿ ಇನ್ನೊಂದು ಹಿಡಿ ಐಸ್ ತೆಗೆದು ಬಂಗುಡೆಯ ಮೇಲೆ ಹರಡಿದಳು. ಆಮೇಲೆ, ಎಂತ ಪ್ರಶ್ನೆ ಕೇಳಿದ್ದಂತೆ ಎಂದು ನನ್ನ ಮುಖ ನೋಡದೆ ಕೇಳಿದಳು.

ನನ್ನ ಕೈಯಲ್ಲಿ ಸಬ್ಜೆಕ್ಟಿನ ವಿವರದ ಹಾಳೆ ಇತ್ತು. ಅದರಲ್ಲಿದ್ದ ಒಂದನ್ನು ಓದಿದೆ. ಮೀನು ಸಾಕಷ್ಟು ಒಣಗಿದೆ ಎಂದು ಹೇಗೆ ತಿಳಿಯುವುದು?

ಹೆಬ್ಬೆರಳಿನಲ್ಲಿ ಬೆನ್ನು ಒತ್ತಬೇಕು, ಗುಳಿ ಬಿದ್ದರೆ ಆಗಿಲ್ಲ ಎಂದಳು. ಬಂಗುಡೆಗೂ ನಂಗಿಗೂ ಲೆಕ್ಕ ಬೇರೆ, ನಂಗು ಚಪ್ಪಟೆ ಮೀನು, ತೆಳು, ಅದು ಬೇಗ ಒಣಗುತ್ತದೆ. ಉಪ್ಪು ಸರಿಯಾಗಿ ಹಿಡಿದರೆ ಮಾಂಸ ಬಿಗಿಯುತ್ತದೆ, ಮೀನು ನೀರು ಬಿಡುವುದು ನಿಲ್ಲುತ್ತದೆ. ಮೋಡದ ದಿನ ಉಪ್ಪಿನಿಂದ ತೆಗೆಯಲೇಬಾರದು. ಆಸೆ ತಡೆಯದೆ ತೆಗೆದರೆ ಹುಳ ಆಗುತ್ತದೆ, ಗಿರಾಕಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ನಾನು ಇನ್ನೊಂದು ಪ್ರಶ್ನೆ ಓದಿದೆ, ಅದಕ್ಕೂ ಹೇಳಿದಳು. ಮತ್ತೊಂದು ಓದಿದೆ. ಪಕ್ಕದ ಅಂಗಡಿಯ ಹೆಂಗಸೂ ನಡುನಡುವೆ ಬಾಯಿ ಹಾಕಿದಳು. ಮಾತು ಮುಗಿಯುವಾಗ ಸುಮತಿಯ ಸ್ವರ ಬೇರೆಯೇ ಆಗಿತ್ತು. ಅವಳ ಅಣ್ಣನಾಗಿ ಐವತ್ತು ವರ್ಷಕ್ಕೆ ಹತ್ತಿರವಾಯಿತು, ಇದರಲ್ಲಿ ಅರ್ಧ ನನಗೂ ಗೊತ್ತಿರಲಿಲ್ಲ. ನಾಚಿಕೆಯಾಯಿತು.

"ಇದೆಲ್ಲ ಪಾಠವಾ ಅಣ್ಣ?" ಎಂದು ಕೇಳಿದಳು.

ಪಾಠವೇ ಎಂದೆ.

ಕೈ ಒರೆಸಿಕೊಂಡು ಪೆನ್ ತೆಗೆದುಕೊಂಡಳು. ಸಹಿಗೆ ಮೊದಲು ಒಂದು ಮಾತು ಹೇಳಿದಳು.

"ಅಲ್ಲಿ ಕೂತು ಓದ್ಲಿ, ಬರೀಲಿ, ನನಗೆ ಬೇಜಾರಿಲ್ಲ. ಆದ್ರೆ ನನ್ನ ಈ ಸ್ಟೂಲಿನ ಹತ್ತಿರ ಅವಳು ಬರ್ಬಾರ್ದು. ಬೇರೆ ಎಂತಾದ್ರೂ ಉಂಟಾ ಇದರಲ್ಲಿ?"

ಕೊನೆಯ ಪುಟ ನನ್ನ ಅಂಗಿಯ ಕಿಸೆಯಲ್ಲಿತ್ತು.

ಇಲ್ಲ ಎಂದೆ.

ಅವಳು ಸಹಿ ಹಾಕಿದಳು. ಕಾಗದಕ್ಕೆ ಎರಡು ಹನಿ ನೀರು ಬಿತ್ತು, ಸ್ವಲ್ಪ ವಾಸನೆಯೂ ಹಿಡಿಯಿತು. ಸ್ಕ್ಯಾನ್ ಮಾಡಿ ಕಳಿಸಿದರೆ ವಾಸನೆ ನಾರ್ವೆಯವರೆಗೆ ಹೋಗುವುದಿಲ್ಲವಲ್ಲ ಎಂದು ಸಮಾಧಾನವಾಯಿತು. ಮರುಕ್ಷಣ, ಇದೆಂಥ ಸಮಾಧಾನ ಎಂದು ನನ್ನ ಮೇಲೆಯೇ ಸಿಟ್ಟು ಬಂತು. ಶುಕ್ರವಾರ ಬೆಳಿಗ್ಗೆ ಸರ್ ಅದನ್ನು ನಾರ್ವೆಗೆ ಕಳಿಸಿದರು. ಸಂಜೆಗೆ ಉತ್ತರ ಬಂತು. ದೀಕ್ಷಾಳ ಮೂವತ್ತು ಕ್ರೆಡಿಟ್ ಕ್ಲಿಯರ್, ಸೆಮಿಸ್ಟರ್ ಉಳಿಯಿತು. ಹುಡುಗಿ ಫೋನಿನಲ್ಲಿ ಅತ್ತಳು. ಅಮ್ಮ ಒಪ್ಪಿದರಾ ಮಾಮ ಎಂದು ಕೇಳಿದಳು. ಹೂಂ ಎಂದೆ.

ಎರಡು ದಿನದಲ್ಲಿ ಎರಡು ಸುಳ್ಳು. ಎರಡೂ ಒಂದೊಂದೇ ಶಬ್ದದವು.

ಅಂದಿನಿಂದ ನನಗೆ ನಿದ್ದೆ ಸರಿಯಿಲ್ಲ. ಮಗಳಿಗೆ ಮೀನು ಬೇಡ ಎಂದ ಅಮ್ಮ ತಪ್ಪಾ? ಅಷ್ಟು ದೂರ ಹೋಗಿಯೂ ಅಮ್ಮನ ಕೆಲಸವನ್ನೇ ಕಲಿಯಬೇಕು ಎನ್ನುವ ಮಗಳು ತಪ್ಪಾ? ಅಮ್ಮನ ಇಪ್ಪತ್ತು ವರ್ಷದ ಹಟವನ್ನು ಹಾಳು ಮಾಡುವ ಹಕ್ಕು ಸೋದರಮಾವನಿಗೆ ಉಂಟಾ? ಅಥವಾ ಫಾರ್ಮಿನಲ್ಲಿ ಗೃಹಿಣಿ ಎಂದು ಬರೆದ ದಿನವೇ ನಾನು ಆ ಹಕ್ಕು ಕಳಕೊಂಡೆನಾ? ಎಷ್ಟು ಕೂಡಿಸಿ ಕಳೆದರೂ ಉತ್ತರ ಸಿಗುವುದಿಲ್ಲ. ಶನಿವಾರ ಒಮ್ಮೆ ಮಾರ್ಕೆಟಿಗೆ ಹೋದೆ, ನಿಜ ಹೇಳಬೇಕೆಂದೇ ಹೋದೆ. ಅರ್ಧ ಕಿಲೋ ಬೂತಾಯಿ ಮೀನು ತೆಗೆದುಕೊಂಡು ವಾಪಸ್ ಬಂದೆ.

ಸುಮತಿ ಪೇಪರಿನಲ್ಲಿ ಬೇರೆಂತ ಓದದಿದ್ದರೂ ನಾನು ಬರೆಯುವ ಈ ಅಂಕಣ ಓದುತ್ತಾಳೆ. ಅಣ್ಣ ಈ ವಾರ ಯಾರ ಮಾನ ತೆಗೆದಿದ್ದಾನೆ ನೋಡುವ ಅಂತ ಓದುತ್ತಾಳೆ. ಮುಖ ನೋಡಿ ಹೇಳಲಾಗದ್ದನ್ನು ಬರೆದು ಹೇಳುವುದು ಹೇಡಿತನ ಎಂದು ನನಗೆ ಗೊತ್ತುಂಟು. ಆದರೂ ಓದುಗರೇ, ಒಂದು ನಿಮಿಷ ಸ್ವಲ್ಪ ಆಚೆ ಸರಿಯಿರಿ, ನನಗೆ ತಂಗಿಯ ಹತ್ತಿರ ಮಾತಾಡಲಿಕ್ಕುಂಟು.

ಸುಮತೀ, ಜೂನ್‌ನಲ್ಲಿ ದೀಕ್ಷಾ ಬರ್ತಾಳೆ, ಹದಿನೈದು ದಿನ ನಿನ್ನ ಹತ್ತಿರವೇ ಕೂತು ಕಲೀಬೇಕಂತೆ. ಸ್ವಲ್ಪ ಜಾಗ ಮಾಡಿಕೊಡ್ತೀಯಾ?