ಗೋಣಿ ಪರದೆಯಾಚೆಯ ಆಕ್ಸಲ್

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ, ತಗಡು ಹೊದಿಸಿದ ಒಂದು ಗ್ಯಾರೇಜ್ ಇದೆ. ಮೊದಲ ಬಸ್ಸು ಇನ್ನೂ ಹೊರಟಿಲ್ಲ. ಹಿತ್ತಲಲ್ಲಿ ಶರ್ಫುನ್ನೀಸಾ ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನ ಮುಂದೆ ಮಣೆ ಹಾಕಿಕೊಂಡು ಕೂತಿದ್ದಾರೆ. ಡ್ರಮ್ಮಿನಲ್ಲಿ ಸೀಮೆಎಣ್ಣೆ, ಅದರೊಳಗೆ ಜೀಪೊಂದರ ಹಿಂದಿನ ಆಕ್ಸಲಿನಿಂದ ಬಿಚ್ಚಿದ ಹಲ್ಲುಚಕ್ರ. ಬ್ರಷ್ಷಿನಿಂದ ಒಂದೊಂದೇ ಹಲ್ಲು ಉಜ್ಜಿ, ಚಕ್ರವನ್ನು ತಂತಿಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಸದ್ದು ಉದ್ದಕ್ಕೆ ಎಳೆದರೆ ಚಕ್ರ ಚಾಪೆಯ ಮೇಲೆ, ಬೇಗ ಸತ್ತರೆ ಗುಜರಿಯ ರಾಶಿಗೆ. ಇವತ್ತಿನದು ಚಾಪೆಗೆ ಬರುತ್ತದೆ.

ಬೋರ್ಡಿನ ಮೇಲೆ ಇರುವುದು ಗಂಡ ಹಸನ್ ಸಾಬರ ಹೆಸರು. ಕೂಡ್ಲಿಗಿ, ಹಡಗಲಿ ಕಡೆಯ ಡ್ರೈವರುಗಳು ಹೇಳುವುದೂ ಅದೇ ಹೆಸರನ್ನೇ. ಹಿಂದಿನ ಆಕ್ಸಲ್ ಕೂಗಿಕೊಂಡರೆ, ಎಣ್ಣೆ ಸೋರಿದರೆ, ಶಾಫ್ಟು ಮುರಿದರೆ ಹಸನ್ ಸಾಬರ ಹತ್ತಿರ ಒಯ್ಯಿ ಅನ್ನುತ್ತಾರೆ. ಹಸನ್ ಸಾಬರು ಬೋರ್ಡಿನ ಕೆಳಗೆ ಬೆಂಚಿನ ಮೇಲೆ ಕೂತು ಬಂದವರಿಗೆ ಚಹಾ ಹೇಳುತ್ತಾರೆ. ಜಾಕಿ ಜಾರಿ ಅವರ ಬಲಗೈ ಗಾಡಿಯ ಕೆಳಗೆ ಸಿಕ್ಕಿದಂದಿನಿಂದ ಆ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ನಿಲ್ಲುವುದಿಲ್ಲ. ಬಿಚ್ಚುವುದು, ಕಟ್ಟುವುದು ಅವರ ತಮ್ಮ ಅಬ್ದುಲ್ ವಹಾಬನ ಪಾಲು. ಯಾವ ಆಕ್ಸಲ್, ಯಾವ ಗಾಡಿಯದು, ಯಾವುದು ಉಳಿಯುತ್ತದೆ, ಯಾವುದು ಹೋಗಿದೆ ಎಂದು ಹೇಳುವ ಕೆಲಸ ಮಾತ್ರ ಹಿತ್ತಲಿನದು.

ಅದು ಹೇಳಿದಷ್ಟು ಸಲೀಸಲ್ಲ. ಈ ಸೀಮೆಯಲ್ಲಿ ಓಡುವ ಹಳೆಯ ಜೀಪು, ಲಾರಿಗಳಲ್ಲಿ ಹುಟ್ಟಿದ ಹಾಗೆಯೇ ಇರುವುದು ಅಪರೂಪ. ಮುಂಭಾಗ ಒಂದರದು, ಹಿಂಭಾಗ ಇನ್ನೊಂದರದು, ನಡುವೆ ಮಿಲಿಟರಿ ಹರಾಜಿನಲ್ಲಿ ಸಿಕ್ಕಿದ್ದು. ಹೊರಗಿನಿಂದ ಅಚ್ಚು ಹೊಯ್ದಂತೆ ಒಂದೇ ಥರ ಕಾಣುವ ಎರಡು ಆಕ್ಸಲುಗಳ ಹೊಟ್ಟೆಯಲ್ಲಿ ಹಲ್ಲಿನ ಲೆಕ್ಕ ಬೇರೆ ಬೇರೆ ಇರುತ್ತದೆ. ಮುಚ್ಚಳದ ಬೋಲ್ಟಿಗೆ ಸಿಕ್ಕಿಸಿದ ತಗಡಿನ ಬಿಲ್ಲೆಯಲ್ಲಿ ಆ ಲೆಕ್ಕ ಕೊರೆದಿರುತ್ತದೆ. ಬಿಲ್ಲೆ ಇದ್ದರೆ ಪುಣ್ಯ, ಇಲ್ಲವಾದರೆ ಬಿಚ್ಚಿ ಎಣಿಸಬೇಕು.

ಈ ವಿದ್ಯೆ ಶರ್ಫುನ್ನೀಸಾ ಅವರಿಗೆ ಬಂದದ್ದು ತವರಿನಿಂದ. ತಂದೆ ಮುರ್ತುಜಾಸಾಬರು ಹೊಸಪೇಟೆಯವರು. ಅಣೆಕಟ್ಟಿನ ಕೆಲಸಕ್ಕೆ ದುಡಿದು ಹಣ್ಣಾದ ಗಾಡಿಗಳನ್ನು ಹರಾಜಿನಲ್ಲಿ ಹಿಡಿದು, ಬಿಚ್ಚಿ, ಬಿಡಿಬಿಡಿಯಾಗಿ ಮಾರುತ್ತಿದ್ದರು. “ತವರ್ ಮನ್ಯಾಗ ನಮಗ ಆಟದ ಸಾಮಾನಂದ್ರ ಬೇರಿಂಗಿನ ಗುಂಡು ರೀ,” ಎನ್ನುತ್ತಾರೆ ಶರ್ಫುನ್ನೀಸಾ. “ದೊಡ್ಡ ಚಕ್ರ, ಸಣ್ಣ ಚಕ್ರ ಜೋಡಿ ಮಾಡಿ ತಂತೀಲೆ ಕಟ್ಟೋದು ನನ್ನ ಕೆಲಸ. ಅಪ್ಪ ಒಂದಽ ಮಾತು ಹೇಳ್ತಿದ್ದ. ಕೂಡಿ ಸವೆದಿದ್ದನ್ನ ಅಗಲಿಸಬ್ಯಾಡ ಅಂತ.” ಆಕ್ಸಲಿನೊಳಗಿನ ಆ ಎರಡು ಚಕ್ರಗಳು ಒಂದರ ಹಲ್ಲಿಗೆ ಒಂದು ಹೊಂದಿಕೊಂಡು ಸವೆಯುತ್ತವೆ. ಒಂದನ್ನು ಬದಲಿಸಿದರೆ ಗಾಡಿ ದಾರಿಯುದ್ದಕ್ಕೂ ಅಳುತ್ತದೆ. ಈಗಲೂ ಅವರ ಹಿತ್ತಲಲ್ಲಿ ತಂತಿ ಕಟ್ಟದ ಜೋಡಿ ಒಂದೂ ಸಿಗುವುದಿಲ್ಲ.

ಗಂಡನ ಕೈ ಹೋದ ಮೇಲೆ ಗ್ಯಾರೇಜಿಗೂ ಹಿತ್ತಲಿಗೂ ನಡುವೆ ಗೋಣಿಚೀಲ ಬಿಚ್ಚಿ ಹೊಲಿದ ಒಂದು ಪರದೆ ಬಂತು. ಯಾರೂ ಕಟ್ಟು ಅನ್ನಲಿಲ್ಲ. ಡ್ರೈವರುಗಳ ನಡುವೆ ಕೂತು ಕೆಲಸ ಮಾಡಲು ಸಂಕೋಚವಾಗಿ ಶರ್ಫುನ್ನೀಸಾ ತಾವೇ ಕಟ್ಟಿಕೊಂಡರು. ವಹಾಬ ಬಿಚ್ಚಿದ ಸಾಮಾನನ್ನು ಪರದೆಯ ಕೆಳಗಿನಿಂದ ತಳ್ಳುತ್ತಿದ್ದ. ಒಳಗೆ ತೊಳೆದು, ಬಡಿದು, ನೋಡಿ, ತೀರ್ಪಿನ ಸಮೇತ ಅದೇ ದಾರಿಯಲ್ಲಿ ವಾಪಸ್ಸು ಕಳಿಸುತ್ತಿದ್ದರು. ಮನೆಮಾತು ಉರ್ದು, ಗಿರಾಕಿಗೆ ಕೇಳಲೆಂದು ತೀರ್ಪು ಮಾತ್ರ ಕನ್ನಡದಲ್ಲಿ. ಸರಿ ಐತಿ, ಇಲ್ಲವೇ ಹೋಗೈತಿ. ಒಳಗಿನಿಂದ ಬರುವುದು ಯಾರ ದನಿ ಎಂದು ಕೇಳುವ ಗೊಡವೆಗೆ ಬಹಳ ಮಂದಿ ಹೋಗಲಿಲ್ಲ, ಗಾಡಿ ಓಡಿದರೆ ಅವರಿಗೆ ಸಾಕಿತ್ತು.

ಹೀಗೆ ಸಾಗುತ್ತಿದ್ದ ಕೆಲಸಕ್ಕೆ ಹೋದ ಮಳೆಗಾಲದಲ್ಲಿ ಒಂದು ಪೆಟ್ಟು ಬಿತ್ತು.

ಕೋಗಳಿ ಕಡೆಯ ಗುರುಸಂಗಪ್ಪನವರದು ಒಂದು ಹಳೆಯ ಜೀಪಿದೆ. ಸುತ್ತಲಿನ ಹಳ್ಳಿಗಳಿಗೆ ಮದುವೆಗೂ ಅದೇ, ಆಸ್ಪತ್ರೆಗೂ ಅದೇ. ಎರೆಮಣ್ಣಿನ ದಾರಿಯಲ್ಲಿ ಮಳೆ ಬಿದ್ದರೆ ನಾಲ್ಕೂ ಗಾಲಿಗೆ ಜೋರು ಕೊಡುವ ಗೇರು ಹಾಕಿದರೆ ಮಾತ್ರ ಗಾಡಿ ಏಳುತ್ತದೆ. ಬೇಸಿಗೆಯಲ್ಲಿ ಅದರ ಹಿಂದಿನ ಆಕ್ಸಲಿನ ಹೊರಕವಚ ಸೀಳಿತ್ತು. ಬೇರೆ ಕಡೆಯಿಂದ ಇಡೀ ಆಕ್ಸಲೊಂದನ್ನು ತಂದು ಹಸನ್ ಸಾಬರ ಗ್ಯಾರೇಜಿನಲ್ಲಿ ಕೂಡಿಸಿದರು. ಬೇಸಿಗೆಯೆಲ್ಲ ಜೀಪು ಚೆನ್ನಾಗಿಯೇ ಓಡಿತು. ಮಳೆ ಶುರುವಾಗಿ ಆ ಗೇರು ಹಾಕಿದ್ದೇ ತಡ, ಹಿಂದಿನ ಶಾಫ್ಟು ಮುರಿಯಿತು. ಹೊಸದು ಹಾಕಿದರು, ಮತ್ತೆ ಮುರಿಯಿತು. ಆ ಸಲ ಒಳಗಿದ್ದದ್ದು ಅದೇ ಊರಿನ ಹುಲುಗಮ್ಮ, ಹೆರಿಗೆ ನೋವಿನಲ್ಲಿ. ನಡುಹೊಲದಲ್ಲಿ ಇಳಿಸಿ, ಎತ್ತಿನ ಬಂಡಿಯಲ್ಲಿ ಮಲಗಿಸಿ ಒಯ್ದರು. ತಾಯಿ, ಮಗು ಉಳಿದದ್ದೇ ದೊಡ್ಡದು.

ಗುರುಸಂಗಪ್ಪನವರು ಜೀಪನ್ನು ಎಳೆಸಿಕೊಂಡು, ಮತ್ತೊಂದು ಮುರಿದ ಶಾಫ್ಟು ಹಿಡಿದು ಬಂದಾಗ ಅವರ ಮಗಳು ಅನ್ನದಾನಮ್ಮ ಬಾಣಂತನಕ್ಕೆ ತವರಿಗೆ ಬಂದಿದ್ದಳು. ದಿನ ತುಂಬಿದ್ದವು.

“ಸಾಬ್ರೇ, ಇದು ಮೂರನೇದು. ಶಾಫ್ಟು ಕೆಟ್ಟಾವೋ, ನನ್ನ ಹಣೇಬರನಽ ಕೆಟ್ಟೈತೋ?” ಎಂದು ಅದನ್ನು ಬೆಂಚಿನ ಮೇಲೆ ಕುಕ್ಕಿದರು.

ತುಂಡುಗಳು ಪರದೆಯ ಕೆಳಗಿನಿಂದ ಒಳಗೆ ಹೋದವು. ಶರ್ಫುನ್ನೀಸಾ ತೊಳೆದು ಬೆಳಕಿಗೆ ಹಿಡಿದರು. “ಭಾರಕ್ಕ ಮುರಿದಿದ್ರ ಕಬ್ಬು ಮುರಿದಂಗ ಮುರೀತಿತ್ತು,” ಎಂದು ಆ ದಿನವನ್ನು ನೆನೆಯುತ್ತಾರೆ. “ಅದು ಹಿಂಡಿದ ಸೀರಿ ಹಂಗ ತಿರುಚಿತ್ತು ರೀ. ಗಾಡಿಯೊಳಗ ಯಾವುದೋ ಎರಡು ಜಗಳಾಡಾಕ ಹತ್ಯಾವ ಅನ್ನಿಸ್ತು.” ಜಗಳವಾಡುವುದಾದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್. ಎರಡರ ಹಲ್ಲಿನ ಲೆಕ್ಕ ಬೇರೆಯಾದರೆ, ನಾಲ್ಕೂ ಗಾಲಿಯ ಗೇರು ಹಾಕಿದಾಗ ಒಂದು ಮುಂದೆ ಎಳೆಯುತ್ತದೆ, ಇನ್ನೊಂದು ಹಿಂದೆ ಜಗ್ಗುತ್ತದೆ.

ವಹಾಬ ಒಪ್ಪಲಿಲ್ಲ. “ಬಿಲ್ಲಿ ನೋಡೀನ್ರಿ ಭಾಬಿ. ಮುಂದಿಂದು, ಹಿಂದಿಂದು ಎರಡೂ ಒಂದಽ ನಂಬರ್ ಅದಾವ.”

“ಮುಚ್ಚಳ ಬಿಚ್ಚಿ ಕೊಡು.”

ಹಿಂದಿನ ಆಕ್ಸಲಿನ ಮುಚ್ಚಳ ಒಳಗೆ ಬಂತು, ಅದಕ್ಕೆ ಅಂಟಿಕೊಂಡ ರಟ್ಟಿನ ಪ್ಯಾಕಿಂಗೂ ಬಂತು. ಪ್ಯಾಕಿಂಗಿನ ಅಂಚಿನಲ್ಲಿ ಉಗುರಿನಷ್ಟು ಒಂದು ಕಿವಿ. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಪ್ಯಾಕಿಂಗ್ ಕತ್ತರಿಸುವಾಗ ಹಿಡಿಯಲಿಕ್ಕೆಂದು ಹಾಗೆ ಕಿವಿ ಬಿಡುವುದು ಶರ್ಫುನ್ನೀಸಾ ಅವರ ರೂಢಿ. ಅದು ಅವರದೇ ಕತ್ತರಿಯ ಕೆಲಸ. ಬೇಸಿಗೆಯ ಆ ದಿನ ಕಣ್ಣ ಮುಂದೆ ಬಂತು. ಅವತ್ತು ಪರದೆಯ ಕೆಳಗಿನಿಂದ ಎರಡು ಮುಚ್ಚಳ ಬಂದಿದ್ದವು, ಒಂದು ನೆಟ್ಟಗೆ, ಒಂದು ನೆಗ್ಗಿದ್ದು. ಒಳ್ಳೆಯದನ್ನು ತೊಳೆದು ಕೊಡಿ ಅಂದಿದ್ದ ವಹಾಬ. ಅವರು ನೆಟ್ಟಗಿನದನ್ನು ತೊಳೆದು, ಅದರ ಬಿಲ್ಲೆ ಓದಿ, ಸರಿ ಐತಿ ಅಂದಿದ್ದರು. ನೆಟ್ಟಗಿನದು ಸೀಳಿದ ಹಳೆಯ ಆಕ್ಸಲಿನ ಮುಚ್ಚಳ. ಹೊಸದಾಗಿ ಬಂದ ಆಕ್ಸಲಿನದು ನೆಗ್ಗಿತ್ತು, ಅದು ಗುಜರಿಗೆ ಹೋಯಿತು. ಪರದೆಯ ಈಚೆ ಕೂತವರಿಗೆ ಆಕ್ಸಲ್ ಕಾಣಲಿಲ್ಲ, ಆಚೆ ನಿಂತವನು ಬಿಲ್ಲೆಯ ಗೊಡವೆಗೆ ಹೋಗಲಿಲ್ಲ. ಹೀಗೆ ಒಂದರ ಹೆಸರು ಇನ್ನೊಂದರ ಹೊಟ್ಟೆಯ ಮೇಲೆ ಕೂತಿತು.

ಮತ್ತೊಂದು ಶಾಫ್ಟು ಹಾಕಿ ಕಳಿಸಿದ್ದರೆ ಅವತ್ತು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಎರೆಹೊಲದ ನಡುವೆ, ಅನ್ನದಾನಮ್ಮ ಒಳಗಿರುವಾಗ ಗೊತ್ತಾಗುತ್ತಿತ್ತು. ವಹಾಬನಿಗೇ ಹಲ್ಲು ಎಣಿಸು ಎಂದು ಹೇಳಬಹುದಿತ್ತು. ಆದರೆ ಕಣ್ಣಾರೆ ನೋಡದ್ದನ್ನು ಒಮ್ಮೆ ಸರಿ ಐತಿ ಅಂದಾಗಿತ್ತು, ಇನ್ನೊಮ್ಮೆ ಅನ್ನಲು ಅವರಿಗೆ ಬಾಯಿ ಬರಲಿಲ್ಲ.

ಶರ್ಫುನ್ನೀಸಾ ಸೆರಗು ತಲೆಯ ಮೇಲೆ ಎಳೆದುಕೊಂಡು, ಪರದೆ ಸರಿಸಿ ಹೊರಗೆ ಬಂದರು.

ಚಹಾ ಕುಡಿಯುತ್ತಿದ್ದ ಡ್ರೈವರುಗಳ ಕೈಯ ಬಸಿ ಅಲ್ಲಲ್ಲೇ ನಿಂತವು. ಹಸನ್ ಸಾಬರು ಬೆಂಚಿನಿಂದ ಎದ್ದು ಹಿತ್ತಲಿಗೆ ಹೋದರು. ಬೇಡ ಎನ್ನಲು ಎದ್ದರೇನೋ ಎಂದುಕೊಂಡರು ಹೆಂಡತಿ. ಅವರು ಎಡಗೈಯಲ್ಲಿ ಮಣೆ ಎತ್ತಿಕೊಂಡು ಬಂದು ಜೀಪಿನ ಹಿಂದೆ ಹಾಕಿ, ಮತ್ತೆ ಬೆಂಚಿಗೆ ಹೋಗಿ ಕೂತರು.

ಎಣ್ಣೆ ಬಸಿದ ಆಕ್ಸಲಿನೊಳಗೆ ಶರ್ಫುನ್ನೀಸಾ ಕೈ ಹಾಕಿದರು. ಒಂದು ಹಲ್ಲಿಗೆ ಸುಣ್ಣದ ಬೊಟ್ಟಿಟ್ಟು, ವಹಾಬನಿಗೆ ಚಕ್ರ ಮೆಲ್ಲಗೆ ತಿರುಗಿಸಲು ಹೇಳಿ, ಬೊಟ್ಟು ತಿರುಗಿ ಬರುವತನಕ ಎಣಿಸಿದರು. ನಂಬಿಕೆ ಸಾಲದೆ ಮತ್ತೊಮ್ಮೆ ಎಣಿಸಿದರು. ಬಿಲ್ಲೆಯ ಪ್ರಕಾರ ನಲವತ್ತಮೂರು ಇರಬೇಕಾದಲ್ಲಿ ನಲವತ್ತೇಳು.

“ಅಣ್ಣಾರೇ, ಇದು ನಿಮ್ಮ ಗಾಡಿಗೆ ಹೊಂದೂ ಆಕ್ಸಲ್ ಅಲ್ಲ. ಬ್ಯಾಸಿಗ್ಯಾಗ ಸರಿ ಐತಿ ಅಂದಾಕಿ ನಾನಽ. ತಪ್ಪು ನಂದು.”

ಗುರುಸಂಗಪ್ಪನವರ ಮುಖ ಕೆಂಪಗಾಯಿತು. “ಮಳ್ಯಾಗ ಹುಲುಗಮ್ಮನ್ನ ಬಂಡ್ಯಾಗ ಹಾಕ್ಕೊಂಡು ಹೋದ್ವಿ. ಆ ಹುಡುಗಿ ಕೂಗಿದ್ದು ಇನ್ನೂ ನನ್ನ ಕಿವ್ಯಾಗ ಐತಿ. ಅದು ನಿನ್ನ ಕೈಲಿಂದ ಆತು ಅಂತೀ ಏನಮ್ಮಾ?”

“ಹೂಂ ರೀ.”

ಅವರು ರಸ್ತೆಯ ತನಕ ನಡೆದು ಹೋದರು. ಇನ್ನು ತಿರುಗಿ ಬರುವುದಿಲ್ಲ ಎಂದುಕೊಂಡ ಶರ್ಫುನ್ನೀಸಾ ಎಣ್ಣೆಗೈಯಲ್ಲಿ ಹಾಗೇ ಕೂತಿದ್ದರು. ಸ್ವಲ್ಪ ಹೊತ್ತಿಗೆ ಗುರುಸಂಗಪ್ಪನವರು ವಾಪಸ್ಸು ಬಂದು ಜೀಪಿನ ಬಾನೆಟ್ಟಿಗೆ ಒರಗಿ ನಿಂತರು. “ಮಾಡಿದಾಕಿನಽ ಹೇಳಾಕ ಹತ್ತೀ, ಇನ್ನೇನ್ ಬೈಲಿ? ರಿಪೇರಿ ಆಗ್ತೈತೇನು, ಅದನ್ನ ಹೇಳು.”

“ಆಗ್ತೈತಿ. ಇವತ್ತಾಗಲ್ಲ.”

ಸೀಳಿದ ಹಳೆಯ ಆಕ್ಸಲಿನ ಎರಡೂ ಚಕ್ರ ಹಿತ್ತಲಿನಲ್ಲೇ ಇದ್ದವು, ತಂತಿ ಕಟ್ಟಿಸಿಕೊಂಡು, ಜೋಡಿಯಾಗಿ. ಕವಚ ಸೀಳಿತ್ತೇ ಹೊರತು ಹಲ್ಲುಗಳಿಗೆ ಏನೂ ಆಗಿರಲಿಲ್ಲ. ಆ ಜೋಡಿಯನ್ನು ಹೊಸ ಕವಚದೊಳಗೆ ಕೂಡಿಸುವ ಕೆಲಸ ಶುರುವಾಯಿತು. ಗ್ರೀಸಿನಲ್ಲಿ ಕೆಮ್ಮಣ್ಣು ಕಲಸಿ ಹಲ್ಲಿಗೆ ಹಚ್ಚುವುದು, ತಿರುಗಿಸುವುದು, ಕೆಂಪು ಎಲ್ಲಿ ಅಳಿಸಿದೆ ನೋಡುವುದು. ಹಲ್ಲಿನ ನಟ್ಟನಡುವೆ ಅಳಿಸಿದರೆ ಎರಡೂ ಸರಿಯಾಗಿ ಕೂಡಿವೆ ಎಂದರ್ಥ. ತುದಿಯಲ್ಲಿ ಅಳಿಸಿದರೆ ಬಿಚ್ಚಿ, ತೆಳ್ಳನೆಯ ತಗಡಿನ ಬಳೆ ಸೇರಿಸಿ, ಮತ್ತೆ ಕಟ್ಟಬೇಕು. ವಹಾಬನಿಗೆ ತಾಳ್ಮೆ ತಪ್ಪಿತು, ಭಾಬಿಗೆ ತಪ್ಪಲಿಲ್ಲ. ಗುರುಸಂಗಪ್ಪನವರು ಎರಡು ದಿನ ಊರಿಗೂ ಗ್ಯಾರೇಜಿಗೂ ಅಲೆದರು. ಕಡೆಗೆ ಕೆಂಪು ನಟ್ಟನಡುವೆ ಅಳಿಸಿತು.

ಅನ್ನದಾನಮ್ಮನನ್ನು ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಒಯ್ದದ್ದು ಜಡಿಮಳೆಯಲ್ಲಿ. ಜೀಪು ಎಲ್ಲೂ ನಿಲ್ಲಲಿಲ್ಲ. ಹೆಣ್ಣು ಮಗು. ಸುದ್ದಿ ಹೇಳಲು ಬಂದ ಗುರುಸಂಗಪ್ಪನವರು ಹುಲುಗಮ್ಮನ ಮಗುವೂ ಚೆನ್ನಾಗಿದೆ ಎಂಬುದನ್ನು ಸೇರಿಸಿ ಹೇಳಿದರು. ಅದನ್ನು ಕೇಳಿದ ಮೇಲೆಯೇ ತಮಗೆ ಊಟ ಸೇರಿದ್ದು ಎನ್ನುತ್ತಾರೆ ಶರ್ಫುನ್ನೀಸಾ.

ನಡೆದದ್ದು ಬಾಯಿಂದ ಬಾಯಿಗೆ ಚಿಗಟೇರಿಯ ತನಕ ಹೋಯಿತು. ಕೆಲವರು ಬರುವುದು ಬಿಟ್ಟರು. ತಪ್ಪು ಮಾಡಿದ್ದಕ್ಕೋ, ಹೆಂಗಸು ಎಂದು ಗೊತ್ತಾದದ್ದಕ್ಕೋ ಅವರೇ ಹೇಳಬೇಕು. ಉಳಿದವರು ಬರುತ್ತಿದ್ದಾರೆ. ಆಕ್ಸಲನ್ನು ಗಾಡಿಯಲ್ಲಿದ್ದಂತೆಯೇ ಕಣ್ಣಾರೆ ನೋಡದೆ, ಅದರ ಮುಚ್ಚಳಕ್ಕೂ ಹೊಟ್ಟೆಗೂ ಒಂದೇ ತಂತಿ ಕಟ್ಟದೆ ಶರ್ಫುನ್ನೀಸಾ ಈಗ ಯಾವ ಮಾತನ್ನೂ ಹೇಳುವುದಿಲ್ಲ. ಪರದೆಯ ಗೋಣಿ ಇನ್ನೂ ಗ್ಯಾರೇಜಿನಲ್ಲೇ ಇದೆ. ಗಾಡಿಯ ಕೆಳಗೆ ನುಸುಳುವಾಗ ಬೆನ್ನಿಗೆ ಹಾಸಿಕೊಳ್ಳಲು ಬಳಕೆಯಾಗುತ್ತಿದೆ.

ಬಿಸಿಲೇರುತ್ತಿದೆ. ಬೋರ್ಡಿನ ಮೇಲೆ ನಿಮ್ಮ ಹೆಸರೂ ಬೇಡವೇ ಎಂದು ಕೇಳಿದರೆ ಅವರು ನಗುತ್ತಾರೆ. “ಹೆಸರು ಯಾಕ್ರಿ, ಗ್ಯಾರೇಜ್ ಎಲ್ಲೈತಿ ಅಂತ ಎಲ್ಲಾರಿಗೂ ಗೊತ್ತೈತಿ.” ಹಾಗಾದರೆ ಆಸೆ ಅಂತ ಏನೂ ಇಲ್ಲವೇ? ಕೈಗೆ ಹತ್ತಿದ ಕೆಮ್ಮಣ್ಣನ್ನು ಒರೆಸಿಕೊಳ್ಳುತ್ತಾರೆ.

“ಇಷ್ಟು ಆಕ್ಸಲ್ ನೋಡೀನಿ, ಒಂದು ಗಾಡ್ಯಾಗೂ ಕುಂತು ಹೋಗಿಲ್ರಿ. ಗುರುಸಂಗಪ್ಪಣ್ಣ ಕೋಗಳಿಗೆ ಕರದಾನ, ಕೂಸಿನ್ನ ನೋಡ್ಕೊಂಡು ಹೋಗು ಅಂತ. ಮುಂದಿನ ಸೀಟು ನಿನಗಽ ಅಂದಾನ. ನಾ ಒಲ್ಲೆ ಅಂದೀನಿ. ಹಿಂದ ಕುಂದ್ರತೀನಿ, ಆಕ್ಸಲ್ ಮ್ಯಾಲ. ಕೋಗಳಿ ಬರೋತನಕ ಅದು ಅಳಾಕ ಬಾಯಿ ಬಿಡಬಾರದು, ನಾ ಕೇಳ್ಕೋತ ಹೋಗಬೇಕು.”