ಸಾವಿನ ಮನೆಯಲ್ಲಿ ‘ಬರ್ತೀನಿ’ ಅಂದ ಸಿಸ್ಟರ್

ಸ್ನೇಹಿತರೇ, ತಾತ ತೀರಿಕೊಂಡಾಗಿನಿಂದ ಅಜ್ಜಿ ಯಾರ ಹತ್ತಿರವೂ ಮಾತಾಡಿರಲಿಲ್ಲ. ತಾತನ ಬೆನ್ನಿನ ಹುಣ್ಣಿಗೆ ಡ್ರೆಸಿಂಗ್ ಮಾಡಲು ಬರುತ್ತಿದ್ದ ಆರೋಗ್ಯ ಕೇಂದ್ರದ ಸಿಸ್ಟರ್ ಇವತ್ತು ಬಂದು, ಅಜ್ಜಿಯ ಬಿಪಿ ನೋಡಿ, ಪಕ್ಕದಲ್ಲೇ ಚಾಪೆಯ ಮೇಲೆ ಕೂತರು. ಅಜ್ಜಿ ಮೆಲ್ಲಗೆ ಕೇಳಿದರು, “ಕೊನೇಲಿ ಅವ್ರಿಗೆ ತುಂಬಾ ನೋವಿತ್ತೇನವ್ವಾ?”

“ಅಷ್ಟೇನಿರ್ಲಿಲ್ಲ ಅಜ್ಜಿ. ಹೋಗೋ ದಿನ ಬೆಳಿಗ್ಗೆ ಪಟ್ಟಿ ಬಿಚ್ಚೋವಾಗ್ಲೂ, ನಿನ್ ಕೈಗಿಂತ ನಮ್ಮೋಳ ಬಾಯೇ ವಾಸಿ ಅಂತ ರೇಗಿಸ್ತಿದ್ರು.”

ಅಜ್ಜಿ ನಕ್ಕರೋ ಅತ್ತರೋ ತಿಳಿಯಲಿಲ್ಲ. ಆದರೆ ಒಂದು ಲೋಟ ಗಂಜಿ ಕುಡಿದರು.

ಹೊರಡುವಾಗ ಸಿಸ್ಟರ್ ಅಭ್ಯಾಸಬಲದಿಂದ, “ಸೋಮವಾರ ಮತ್ತೆ ಬರ್ತೀನಿ” ಅಂದುಬಿಟ್ಟರು.

ಶಿವಗಂಗೆ ಕಡೆಯಿಂದ ಬಂದಿದ್ದ ತಾತನ ತಂಗಿ ಎದ್ದು ನಿಂತರು. “ಇನ್ನೂ ತಿಥಿ ಆಗಿಲ್ಲ. ಸಾವಿನ ಮನೇಲಿ ಬರ್ತೀನಿ ಅಂತಾರೇನಮ್ಮಾ? ಇನ್ನೊಂದು ಸಾವಿಗೆ ಬರ್ತೀಯಾ?”

“ಬಿಪಿ ನೋಡೋಕೆ ಬರ್ತೀನಿ ಅಂದೆ ಅಷ್ಟೇ.”

“ನೋಡು, ಮತ್ತೆ ಅಂದ್ಲು. ಏನೂ ಹೇಳ್ದೆ ಎದ್ದು ಹೋಗ್ಬೇಕು.”

ಸಿಸ್ಟರ್ ಹಾಗೆಯೇ ಎದ್ದು ಹೋದರು. ಆಗಿನಿಂದ ಅಜ್ಜಿಯದು ಒಂದೇ ಪ್ರಶ್ನೆ, “ಆ ಹುಡ್ಗಿ ಸೋಮವಾರ ಬತ್ತಾಳೋ ಇಲ್ವೋ?”

ಸಿಸ್ಟರ್‌ಗೆ ‘ದಯವಿಟ್ಟು ಬನ್ನಿ’ ಎಂದು ಟೈಪ್ ಮಾಡಿದೆ. ಅದೂ ತಪ್ಪಾದೀತೆಂದು ಅಳಿಸಿ, ‘ಸೋಮವಾರ ಅಜ್ಜಿ ಮನೆಯಲ್ಲೇ ಇರುತ್ತಾರೆ’ ಎಂದು ಕಳಿಸಿದೆ. ಉತ್ತರವಾಗಿ ಹೆಬ್ಬೆರಳೆತ್ತಿದ ಚಿತ್ರವೊಂದು ಬಂದಿದೆ.

ಅದು ‘ಬರ್ತೀನಿ’ ಅಂತಲೋ, ‘ಸರಿ, ಇರ್ಲಿ ಬಿಡಿ’ ಅಂತಲೋ? ಕನ್ನಡದಲ್ಲಿ ಎಂ.ಎ. ಮಾಡಿದ ನನಗಂತೂ ಅರ್ಥವಾಗುತ್ತಿಲ್ಲ. ನಿಮಗೆ ಗೊತ್ತಿದ್ದರೆ ಬೇಗ ಹೇಳಿ, ಅಜ್ಜಿ ಒಳಗಿನಿಂದ ಮತ್ತೆ ಕೂಗುತ್ತಿದ್ದಾರೆ.